ಸದ್ದು ಮಾಡದ ನಂಬರು

ಬೆಳಗಿನ ಜಾವ ಅಲಾರಂ ಹೊಡೆಸುವವರು ಕಳ್ಳರಲ್ಲ, ಅಜ್ಜಂದಿರು. ನಿದ್ದೆ ಬಾರದೆ ಎದ್ದು, ಮಲಗುವ ಮುಂಚೆ ಮಗ ಹಾಕಿಟ್ಟ ಅಲಾರಂ ಮರೆತು, ಹಾಲಿನ ಪ್ಯಾಕೆಟ್ಟಿಗೆಂದು ಬಾಗಿಲು ತೆಗೆದರೆ ಮುಗಿಯಿತು. ಬೀದಿಗೆ ಬೀದಿಯೇ ಎದ್ದು ಕೂರುವ ಹಾಗೆ ಸೈರನ್ ಅರಚಿಕೊಳ್ಳುತ್ತದೆ. ಅದೇ ಕ್ಷಣ, ಊರಿನ ಇನ್ನೊಂದು ಮೂಲೆಯ ಕಟ್ಟಡದ ಎರಡನೇ ಮಹಡಿಯಲ್ಲಿ, ಕಿಟಕಿಯೇ ಇಲ್ಲದ ಕೋಣೆಯೊಂದರ ಪರದೆಯ ಮೇಲೆ ಕೆಂಪು ಗೆರೆ ಮೂಡುತ್ತದೆ. ಅದರ ಮುಂದೆ ಕೂತ ಹೆಂಗಸು ಹೆಡ್‌ಫೋನ್ ಸರಿಮಾಡಿಕೊಂಡು ಆ ಮನೆಗೆ ಫೋನ್ ಮಾಡುತ್ತಾರೆ.

“ಅಜ್ಜಾ, ಗಾಬರಿ ಬೇಡ. ಬಾಗಿಲ ಪಕ್ಕ ಗೋಡೇಲಿ ಡಬ್ಬಿ ಇದೆಯಲ್ಲ, ಅದರಲ್ಲಿ ನಿಮ್ಮ ನಂಬರು ಒತ್ತಿ.”

“ಏನಮ್ಮಾ? ಜೋರಾಗಿ ಹೇಳು, ಇಲ್ಲಿ ಏನೋ ಹಾಳು ಸದ್ದು!”

“ಆ ಹಾಳು ಸದ್ದು ನೀವೇ ಮಾಡಿಸ್ತಿರೋದು ಅಜ್ಜಾ!”

ಕೋಣೆಯಲ್ಲಿದ್ದ ಉಳಿದ ಮೂವರು ನಗುತ್ತಾರೆ. ಸೈರನ್ ನಿಲ್ಲುತ್ತದೆ. ಅಜ್ಜ, ಹೇಗೂ ಫೋನ್ ಮಾಡಿದ್ದೀಯಲ್ಲ ಎನ್ನುವಂತೆ, ತಮ್ಮ ಮಂಡಿನೋವಿನ ಸಮಾಚಾರ ಶುರುಮಾಡುತ್ತಾರೆ. ಅಷ್ಟರಲ್ಲಿ ಮುಂದಿನ ಕೆಂಪು ಗೆರೆ ಬಂದಿರುತ್ತದೆ. ಈ ಹೆಂಗಸನ್ನು ಗ್ರಾಹಕರೂ ಸಹೋದ್ಯೋಗಿಗಳೂ ಕರೆಯುವುದು ‘ಅಲಾರಂ ಅಕ್ಕ’ ಎಂದು. ದಿನವೂ ಮಾತಾಡುವ ಅಜ್ಜಂದಿರಲ್ಲಿ ಒಬ್ಬರೂ ಅವರ ಮುಖ ನೋಡಿಲ್ಲ.

ಮನೆ ಕಾಯುವ ಅಲಾರಂ ಕಂಪನಿಯ ನಿಗಾ ಕೋಣೆ ಇದು. ನಾವೆಲ್ಲ ಕ್ಯಾಮೆರಾ, ಸೈರನ್ನು ಕೊಂಡು ಗೋಡೆಗೆ ಹೊಡೆಸಿ ನಿಶ್ಚಿಂತೆಯಿಂದ ಮಲಗುತ್ತೇವಲ್ಲ, ಆ ನಿಶ್ಚಿಂತೆಯ ತುದಿಯಲ್ಲಿ ಹೀಗೆ ಯಾರೋ ಒಬ್ಬರು ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕೂತಿರುತ್ತಾರೆ. ಅಕ್ಕನದು ಬೆಳಗಿನ ಪಾಳಿ. ಒಂದು ಪಾಳಿಗೆ ಹೆಚ್ಚುಕಡಿಮೆ ನೂರು ಕರೆ. ನೂರರಲ್ಲಿ ಒಂದೋ ಎರಡೋ ನಿಜ. ಮಿಕ್ಕಿದ್ದೆಲ್ಲ ಬೆಕ್ಕು, ಫ್ಯಾನಿನ ಗಾಳಿಗೆ ಆಡುವ ಕಿಟಕಿ ಪರದೆ, ಹುಟ್ಟುಹಬ್ಬ ಮುಗಿದ ಮೇಲೂ ತೇಲಾಡುತ್ತಿರುವ ಬಲೂನು. ಕ್ಯಾಮೆರಾದ ಗಾಜಿನ ಮೇಲೆ ಹಲ್ಲಿ ಹರಿದರೆ ಪರದೆಯಲ್ಲಿ ಮೊಸಳೆಯಷ್ಟು ಕಾಣುತ್ತದೆ. “ಮೊದಲ ಸಲ ನೋಡಿದಾಗ ಕುರ್ಚಿಯಿಂದ ಹಾರಿಬಿದ್ದಿದ್ದೆ. ಈಗ ಹಲ್ಲಿಗಳು ನನಗೆ ಪರಿಚಯ” ಎಂದು ಅಕ್ಕ ನಗುತ್ತಾರೆ.

ಮೊದಲು ಅವರು ಬಟ್ಟೆ ಹೊಲಿಯುವ ಕಾರ್ಖಾನೆಯಲ್ಲಿದ್ದರು, ಕಾಲರು ಕೂರಿಸುವ ಸಾಲಿನಲ್ಲಿ. ಕಾರ್ಖಾನೆಗೆ ಬೀಗ ಬಿತ್ತು. ಗಂಡ ಸಾಮಾನು ಸಾಗಿಸುವ ವ್ಯಾನ್ ಓಡಿಸುತ್ತಾರೆ, ಮಗಳಾಗ ಅಂಗನವಾಡಿ ವಯಸ್ಸಿನವಳು. ಈ ಕೆಲಸದ ಸಂದರ್ಶನದಲ್ಲಿ ಕೇಳಿದ್ದು ಒಂದೇ: “ಹೆದರಬೇಡಿ, ನಾನಿದ್ದೀನಿ” ಎಂದು ಫೋನಿನಲ್ಲಿ ಹೇಳಿ ತೋರಿಸು ಎಂದು. ಹೇಳಿದರು. ಇನ್ನೊಂದು ಸಲ ಹೇಳು ಎಂದರು. ಹೇಳಿದರು. ನಾಳೆಯಿಂದಲೇ ಬಾ ಎಂದರು.

ಅಂದಿನಿಂದ ಮೈಯೆಲ್ಲ ಕಿವಿಯಾಗಿ ಕೂತು ಕೂತು, ಮನೆಯಲ್ಲೂ ಏನು ಕೂಗಿದರೂ ಅಕ್ಕ ಬೆಚ್ಚುತ್ತಾರೆ. ಕುಕ್ಕರ್ ಕೂಗಿದರೆ ಕೈಯಲ್ಲಿದ್ದ ಲೋಟ ಬೀಳುತ್ತದೆ. ಗಂಡ ಬಾಗಿಲ ಬೆಲ್ಲನ್ನೇ ಕಿತ್ತುಹಾಕಿದ್ದಾರೆ. “ಊರಿನವರ ಮನೆಗೆಲ್ಲ ಅಲಾರಂ ನೋಡ್ಕೋತಾಳೆ, ನಮ್ಮನೆಗೆ ಬಂದವರು ಮಾತ್ರ ಬೀದೀಲಿ ನಿಂತು ಕೂಗ್ಬೇಕು” ಎಂದು ಅವರು ಹೆಂಡತಿಯನ್ನು ಛೇಡಿಸುತ್ತಾರೆ. ಆದರೆ ಈಚೆಗೆ ಆ ಮನೆಯಲ್ಲಿ ನಗು ಬಹಳ ಹೊತ್ತು ನಿಲ್ಲುವುದಿಲ್ಲ. ಯಾಕೆಂದು ತಿಳಿಯಬೇಕಾದರೆ ಅಂಗಡಿಯ ಕತೆಗೆ ಬರಬೇಕು.

ಶನಿವಾರ ಮಧ್ಯಾಹ್ನ ಕಂಪನಿಯವರು ಅಕ್ಕನನ್ನು ಅದೇ ಕಟ್ಟಡದ ಕೆಳಗಿರುವ ತಮ್ಮ ಅಂಗಡಿಯಲ್ಲಿ ಕೂರಿಸುತ್ತಾರೆ. ಆ ಕಂಠ ಕೇಳಿದರೆ ಗಿರಾಕಿಗೆ ಧೈರ್ಯ ಬರುತ್ತದಂತೆ. ಗಂಡ ಹೆಂಡತಿ ಜೊತೆಗೂಡಿ ಬರುತ್ತಾರೆ, ಸೋಫಾ ಆರಿಸುವವರ ಹಾಗೆ ಕ್ಯಾಮೆರಾ ಆರಿಸುತ್ತಾರೆ. ಕತ್ತಲಲ್ಲಿ ಬಣ್ಣ ಕಾಣುತ್ತಾ? ಮಾತೂ ಕೇಳಿಸುತ್ತಾ? ಅಡುಗೆಮನೆಯಲ್ಲೊಂದು ಇಟ್ಟರೆ ಕೆಲಸದವಳು ಕಾಣುತ್ತಾಳಾ? ಅಕ್ಕ ಇದ್ದದ್ದು ಇದ್ದ ಹಾಗೆ ಹೇಳಿಬಿಡುತ್ತಾರೆ. “ಮುಂದಿನ ಬಾಗಿಲಿಗೊಂದು, ಹಿಂದಿನ ಬಾಗಿಲಿಗೊಂದು ಸಾಕು. ಬಿಸಿಲಿಗೆ ಮುಖ ಮಾಡಿ ಹಾಕಿಸ್ಬೇಡಿ, ಬರೀ ಬೆಳಕೇ ಕಾಣುತ್ತೆ. ಕರೆಂಟು ಹೋದ್ರೆ ಬ್ಯಾಟರಿ ಎಷ್ಟು ಹೊತ್ತು ಬರುತ್ತೆ, ಅದನ್ನ ಮೊದಲು ಕೇಳಿ.” ಆರು ಕ್ಯಾಮೆರಾ ಮಾರಲು ಹೊರಟ ಸೇಲ್ಸ್‌ಮನ್ ಪಕ್ಕದಲ್ಲಿ ನಿಂತು ಹಲ್ಲು ಕಡಿಯುತ್ತಾನೆ.

ಎಲ್ಲ ಆರಿಸಿ ಸುಸ್ತಾದ ಮೇಲೆ ಕೊನೆಗೊಂದು ಪ್ರಶ್ನೆ ಉಳಿಯುತ್ತದೆ. ಅಲಾರಂ ಆಫ್ ಮಾಡಲು ಮನೆಯ ಒಬ್ಬೊಬ್ಬರಿಗೂ ಅವರದೇ ಆರಂಕಿಯ ನಂಬರು. ಅದರ ಜೊತೆಗೆ, ಇಡೀ ಮನೆಗೆಂದು ಇನ್ನೊಂದು ನಂಬರು. ಕಳ್ಳ ಕುತ್ತಿಗೆಗೆ ಚಾಕು ಹಿಡಿದು “ಅಲಾರಂ ಆಫ್ ಮಾಡು” ಎಂದರೆ ಈ ನಂಬರು ಒತ್ತಬೇಕು. ಅಲಾರಂ ಆಫ್ ಆದ ಹಾಗೇ ಕಾಣುತ್ತದೆ, ಒಂದು ಚೂರೂ ಸದ್ದಿಲ್ಲ. ಆದರೆ ಮೇಲಿನ ಕೋಣೆಯ ಪರದೆಗೆ ಸುದ್ದಿ ಮುಟ್ಟುತ್ತದೆ: ಈ ಮನೆಯಲ್ಲಿ ಯಾರೋ ಅಪಾಯದಲ್ಲಿದ್ದಾರೆ. ಬಹಳಷ್ಟು ಜನ ಇದನ್ನು ಅರೆಗಿವಿಯಲ್ಲಿ ಕೇಳಿ “ಹೂಂ, ಹಾಕಿ” ಎಂದು ಎದ್ದು ಹೋಗುತ್ತಾರೆ.

ಹಿಂದೆ ಆ ನಂಬರು ಬಂದರೆ ನೇರ ಪೊಲೀಸರಿಗೇ ಹೋಗುತ್ತಿತ್ತು. ಆದರೆ ಬೆಕ್ಕಿಗೆ, ಬಲೂನಿಗೆ, ಕಿಟಕಿ ಪರದೆಗೆ ಓಡಿ ಬಂದು ಬಂದು ಪೊಲೀಸರಿಗೂ ಸಾಕಾಯಿತು. ಯಾವ ಕರೆಯೇ ಇರಲಿ, ಮೊದಲು ನೀವು ಮನೆಯವರನ್ನು ಕೇಳಿ ಖಚಿತ ಮಾಡಿಕೊಳ್ಳಿ, ಆಮೇಲೆ ನಮಗೆ ಹೇಳಿ ಎಂದರು. ಕಂಪನಿ ಅದನ್ನೇ ನಿಯಮ ಮಾಡಿತು. ಯಾರನ್ನು ಕೇಳುವುದು? ಸಂಪರ್ಕ ಸಂಖ್ಯೆ ಎಂದು ಮೊದಲು ಬರೆಸಿದವರನ್ನು. ಮೊದಲು ಬರೆಸುವವರು ಯಾರು ಅಂತ ಬೇರೆ ಹೇಳಬೇಕೇ? ಮನೆಯ ಯಜಮಾನರು.

ಒಂದು ಬೆಳಗ್ಗೆ, ಇನ್ನೂ ಸರಿಯಾಗಿ ಬೆಳಕು ಹರಿದಿರಲಿಲ್ಲ, ಒಂದು ಮನೆಯಿಂದ ಆ ನಂಬರು ಬಂತು. ಅಕ್ಕ ಕೂಡಲೇ ಯಜಮಾನರಿಗೆ ಫೋನ್ ಮಾಡಿದರು. ನಯವಾದ ದನಿ. “ಓ, ಅದಾ? ನನ್ನ ಹೆಂಡತಿ ನಿದ್ದೆಗಣ್ಣಲ್ಲಿ ಏನೋ ಒತ್ತಿದಾಳೆ. ನಿಮಗೆ ತೊಂದರೆ ಆಯ್ತು, ಸಾರಿ ಮೇಡಂ.” ನಿಯಮದ ಪ್ರಕಾರ ಅಲ್ಲಿಗೆ ಮುಗಿಯಿತು. ಅಕ್ಕ ‘ರದ್ದು’ ಒತ್ತಿದರು. ಕೆಲವು ದಿನ ಕಳೆದು ಮತ್ತೆ ಅದೇ ಮನೆ, ಅದೇ ನಂಬರು, ಅದೇ ನಯವಾದ ಸಾರಿ. ಮತ್ತೆ ರದ್ದು.

ಮೂರನೆಯ ಸಲ ಅಕ್ಕ ಧೈರ್ಯ ಮಾಡಿದರು. “ಸರ್, ಮೇಡಂಗೆ ಒಂಚೂರು ಫೋನ್ ಕೊಡ್ತೀರಾ?”

ಫೋನು ಕೈ ಬದಲಾಯಿತು. ಆಮೇಲೆ ಒಂದು ಹೆಣ್ಣು ದನಿ. “ತಪ್ಪಾಯ್ತು. ಕೈ ಜಾರ್ತು.” ಫೋನ್ ಕಟ್ಟಾಯಿತು.

“ಕೈ ಜಾರ್ತಂತೆ!” ಅಕ್ಕ ಮೇಜಿನ ಅಂಚು ಹಿಡಿದುಕೊಂಡು ಹೇಳುತ್ತಾರೆ. “ಅವಳ ನಂಬರೇ ಬೇರೆ, ಇದೇ ಬೇರೆ. ಒಂದಂಕಿಗೂ ಒಂದಂಕಿಗೂ ಸಂಬಂಧ ಇಲ್ಲ. ಆರಕ್ಕೆ ಆರೂ ಸರಿಯಾಗಿ, ಮೂರು ಸಲ ಯಾರ ಕೈ ಜಾರುತ್ತೆ ಹೇಳಿ? ಕಳ್ಳ ಹೊರಗಿಂದಲೇ ಬರ್ತಾನೆ ಅಂತ ನಾವೆಲ್ಲ ಅಂದುಕೊಂಡುಬಿಟ್ವಿ. ಅವಳು ಕರೆದದ್ದು ನನ್ನನ್ನ. ನಾನು ಹೋಗಿ ಯಾರನ್ನ ಕೇಳಿದೆ? ಅವನನ್ನೇ ಕೇಳಿದೆ. ‘ಏನಪ್ಪಾ, ನಿನ್ನಿಂದ ಏನಾದ್ರೂ ಅಪಾಯ ಇದೆಯಾ’ ಅಂತ ಕೇಳಿದ ಹಾಗಾಯ್ತು.”

ಸೂಪರ್‌ವೈಸರ್ ಬಳಿಗೆ ಹೋದರು. ಆತ ಕೆಟ್ಟವನೇನಲ್ಲ. ಅವನಿಗೂ ಇಬ್ಬರು ತಂಗಿಯರಿದ್ದಾರೆ. ತಲೆ ಕೆರೆದುಕೊಂಡು, “ಅಕ್ಕಾ, ಆ ಹೆಂಗಸೇ ತಪ್ಪಾಯ್ತು ಅಂದಮೇಲೆ ನಾವೇನು ಮಾಡೋಣ? ಗಂಡ ಹೆಂಡಿರ ವಿಷಯ” ಎಂದ. ಮುಂದಿನ ಸಲ ಬಂದರೆ ಯಾರನ್ನೂ ಕೇಳದೆ ಪೊಲೀಸರಿಗೆ ಕಳಿಸಿಬಿಡುತ್ತೇನೆ, ಕೆಲಸ ಹೋದರೆ ಹೋಗಲಿ ಎಂದು ಅಕ್ಕ ಅವತ್ತೇ ಗಟ್ಟಿ ಮಾಡಿಕೊಂಡರು.

ಮುಂದಿನ ಸಲ ಬರಲೇ ಇಲ್ಲ. ಆ ಯಜಮಾನರು ಆ ಕರೆಯಾದ ಮೂರನೇ ದಿನವೇ ಅಂಗಡಿಗೆ ಬಂದಿದ್ದರಂತೆ. ಹೆಂಡತಿಗೆ ಗೊಂದಲ ಆಗುತ್ತದೆ, ಆ ಇನ್ನೊಂದು ನಂಬರು ತೆಗೆದುಹಾಕಿ ಎಂದರಂತೆ. ಜೊತೆಗೆ, ಒತ್ತುವಾಗ ಏನು ತಪ್ಪು ಮಾಡುತ್ತಾಳೆ ನೋಡಬೇಕೆಂದು, ಗೋಡೆಯ ಆ ನಂಬರಿನ ಡಬ್ಬಿಯ ಎದುರಿಗೇ ಹಾಕಲು ಒಂದು ಒಳ್ಳೆಯ ಕ್ಯಾಮೆರಾ ಆರಿಸಿಕೊಂಡು ಹೋದರಂತೆ. ಸೇಲ್ಸ್‌ಮನ್ ಖುಷಿಯಿಂದ ಹೇಳಿದ, ಎಷ್ಟು ಒಳ್ಳೆಯ ಗಿರಾಕಿ, ಚೌಕಾಸಿಯನ್ನೇ ಮಾಡಲಿಲ್ಲ ಎಂದು. ಅಕ್ಕ ಅವತ್ತು ಬುತ್ತಿಯ ಅನ್ನ ಹಾಗೇ ಮನೆಗೆ ಒಯ್ದರು.

ಆಮೇಲೆ ಉಳಿದದ್ದು ಪರದೆಯ ಮೇಲಿನ ಒಂದು ಹಸಿರು ಗೆರೆ. ಬೆಳಗಾಗೆದ್ದು ಅಲಾರಂ ಆಫ್ ಮಾಡಿದವರು ಯಾರೆಂದು ಅದು ತೋರಿಸುತ್ತದೆ. ಆ ಮನೆಯ ಸಾಲಿನಲ್ಲಿ ದಿನವೂ ಅವಳ ನಂಬರೇ. ಅದು ಕಂಡ ಮೇಲೆಯೇ ಅಕ್ಕ ಚಹಾ ಲೋಟ ಎತ್ತಿಕೊಳ್ಳುತ್ತಿದ್ದರು. “ಇದಾಳಪ್ಪಾ, ಎದ್ದಿದಾಳೆ, ಬಾಗಿಲವರೆಗೂ ನಡೆದು ಬಂದಿದಾಳೆ ಅಂದ್ಕೋತಿದ್ದೆ. ಅಷ್ಟೇ ನನಗೂ ಅವಳಿಗೂ ಇದ್ದ ಮಾತುಕತೆ.”

ಒಂದು ಬೆಳಗ್ಗೆ ಆ ಸಾಲಿನಲ್ಲಿ ಗಂಡನ ನಂಬರು ಬಂತು. ಮರುದಿನವೂ ಅದೇ. ಅದರ ಮರುದಿನವೂ. ಜ್ವರ ಇರಬಹುದು, ಊರಿಗೆ ಹೋಗಿರಬಹುದು ಎಂದು ಅಕ್ಕ ತಮಗೆ ತಾವೇ ಸಮಾಧಾನ ಹೇಳಿಕೊಂಡರು. ಕೊನೆಗೆ ತಡೆಯಲಾರದೆ, ಲೈನ್ ಪರೀಕ್ಷೆ ಎಂದು ಸುಳ್ಳು ಹೇಳಿ ಫೋನ್ ಮಾಡಿದರು. “ಅವಳು ತವರಿಗೆ ಹೋಗಿದಾಳೆ ಮೇಡಂ” ಎಂದಿತು ಅದೇ ನಯವಾದ ದನಿ. ಹೆಂಡತಿ ಎಲ್ಲಿ ಎಂದು ಅಕ್ಕ ಕೇಳಿಯೇ ಇರಲಿಲ್ಲ.

ಪಾಳಿ ಮುಗಿಸಿ, ಯೂನಿಫಾರಂ ಮೇಲೆಯೇ ಪೊಲೀಸ್ ಠಾಣೆಗೆ ಹೋದರು. ಬರೆದುಕೊಳ್ಳುವವರು ಕೇಳಿದರು, ನೀವು ಅವರಿಗೆ ಏನಾಗಬೇಕು? ಏನೂ ಆಗಬೇಕಿಲ್ಲ. ಹೆಸರು? ಗೊತ್ತಿಲ್ಲ. ವಿಳಾಸ? ಅದೂ ಗೊತ್ತಿಲ್ಲ. ಪರದೆಯಲ್ಲಿ ಕಾಣುವುದು ಗ್ರಾಹಕ ಸಂಖ್ಯೆ ಮಾತ್ರ, ಫೋನ್ ಕರೆಯೂ ಅದನ್ನು ಒತ್ತಿದರೆ ತಾನೇ ಹೋಗುತ್ತದೆ. ಪೊಲೀಸರಿಗೆ ‘ಕಳಿಸು’ ಎಂದು ಒತ್ತಿದಾಗಲೇ ವಿಳಾಸ ತೆರೆದುಕೊಳ್ಳುವುದು. ಮೂರು ಸಲವೂ ಆ ಗುಂಡಿ ಅಕ್ಕನ ಬೆರಳ ಕೆಳಗೇ ಇತ್ತು. ಮಹಿಳಾ ಸಹಾಯವಾಣಿಯವರು, ನೊಂದವರೇ ಕರೆ ಮಾಡಬೇಕು ಎಂದರು. ಕಂಪನಿಯವರು ಗ್ರಾಹಕರ ಗುಟ್ಟು ಬಿಟ್ಟುಕೊಡಲಾಗದು ಎಂದರು. ಇದನ್ನು ಬರೆಯುತ್ತಿರುವ ಈ ಪತ್ರಿಕೆಯೂ ಕೇಳಿ ನೋಡಿತು. ನಮಗೂ ಅದೇ ಉತ್ತರ, ಇನ್ನಷ್ಟು ಒಳ್ಳೆಯ ಭಾಷೆಯಲ್ಲಿ. ಎಲ್ಲರೂ ತಂತಮ್ಮ ನಿಯಮಕ್ಕೆ ಸರಿಯಾಗಿಯೇ ಇದ್ದಾರೆ, ಏನು ಮಾಡುತ್ತೀರಿ!

ಕೆಲಸ ಬಿಡೋಣವೆಂದರೆ ಮಗಳ ಕಾಲೇಜು ಮುಗಿದಿಲ್ಲ. ಬಿಟ್ಟರೆ ಆ ಮನೆಯ ಸಾಲನ್ನು ನೋಡುವವರೂ ಇಲ್ಲ. ಅಮ್ಮ ಸ್ನಾನದ ಮನೆಯಲ್ಲಿ ನಲ್ಲಿ ಬಿಟ್ಟುಕೊಂಡು ಅಳುತ್ತಾಳೆ ಎಂದು ಮಗಳು ಹೇಳುತ್ತಾಳೆ. ಅಕ್ಕ ಅದನ್ನು ಅಲ್ಲಗಳೆಯುವುದಿಲ್ಲ. “ಯಾರ ಹತ್ರ ಹೇಳ್ಕೊಳ್ಳಲಿ? ನಾನಿದ್ದೀನಿ ಅಂತ ಹೇಳೋದೇ ನನ್ನ ಕೆಲಸ. ಅವಳಿಗೆ ಆ ಮಾತು ಹೇಳೋಕೇ ಆಗಲಿಲ್ಲ.”

ಈಗ ಶನಿವಾರದ ಅಂಗಡಿಯಲ್ಲಿ ಅವರು ಒಂದು ಮಾತನ್ನು ಹಟ ಹಿಡಿದು ಹೇಳುತ್ತಾರೆ. ಆ ಸದ್ದು ಮಾಡದ ನಂಬರು ಬಂದರೆ ಕೇಳಲು ಮನೆಯ ಹೊರಗಿನ ಒಬ್ಬರ ಫೋನ್ ನಂಬರು ಕೊಡಿ ಎಂದು. ತಂಗಿಯೋ, ಅತ್ತಿಗೆಯೋ, ಪಕ್ಕದ ಮನೆಯವರೋ, ಯಾರಾದರೂ ಸರಿ. ಗಂಡಸರು ನಗುತ್ತಾರೆ. “ನಮ್ಮನೇಲಿ ಅಂಥದ್ದೇನಿಲ್ಲ ಮೇಡಂ.” ಅಕ್ಕ ಹೆಂಡತಿಯ ಮುಖ ನೋಡುತ್ತಾರೆ. ಹೆಂಡತಿ ಗಂಡನ ಮುಖ ನೋಡಿ, “ಇವರದೇ ಹಾಕಿ” ಎನ್ನುತ್ತಾಳೆ. ಅಪರೂಪಕ್ಕೆ ಯಾರೋ ಒಬ್ಬಳು ತಂಗಿಯ ನಂಬರು ಕೊಟ್ಟದ್ದುಂಟು. ಕೊಡದವರೇ ಹೆಚ್ಚು.

ಆ ಮನೆಯ ಸಾಲು ಇಂದು ಬೆಳಗ್ಗೆಯೂ ಹಸಿರಾಗಿಯೇ ಇತ್ತು. ಗಂಡನ ನಂಬರು. ಅಕ್ಕ ಅದನ್ನು ನೋಡಿ, ಹೆಡ್‌ಫೋನ್ ಕುತ್ತಿಗೆಗೆ ಇಳಿಸಿಕೊಂಡರು. ನಿಮಗೇನಾದರೂ ಆಸೆ ಇದೆಯೇ ಎಂದು ಕೇಳಿದರೆ, ಸಂಬಳದ ಮಾತಿಲ್ಲ, ಬಡ್ತಿಯ ಮಾತಿಲ್ಲ.

“ಅವಳು ಎಲ್ಲಿಂದಾದ್ರೂ ಸರಿ, ಒಂದು ಸಲ ಫೋನ್ ಮಾಡ್ಬೇಕು. ‘ನಾನು ನಿನ್ನ ಕರೆದ್ರೆ ನೀನು ಹೋಗಿ ಅವನಿಗೆ ಹೇಳ್ತೀಯಾ, ನೀನೂ ಒಂದು ಹೆಂಗಸಾ’ ಅಂತ ಬಾಯಿಗೆ ಬಂದ ಹಾಗೆ ಬೈಬೇಕು. ನಾನು ಒಂದು ಮಾತೂ ಎದುರಾಡಲ್ಲ. ಬೈಯೋಕಾದ್ರೂ ಅವಳು ಇರ್ಲಿ.”