ತಬಿಥಾಳ ಮನೆಯ ಕಪ್ಪಂಚಿನ ಕಾರ್ಡು

ತಬಿಥಾ ಗ್ರಿಮ್‌ಶಾಳಿಗೆ ಒಂದಕ್ಷರ ಓದಲು ಬರುತ್ತಿರಲಿಲ್ಲ. ತುಟಿ ಓದುವುದರಲ್ಲಿ ಮಾತ್ರ ನಮ್ಮ ಹಾರ್ಕ್‌ಲೋ ಊರಿನಲ್ಲೇ ಅವಳನ್ನು ಮೀರಿಸುವವರಿರಲಿಲ್ಲ. ನೇಯ್ಗೆ ಮಿಲ್ಲಿನಲ್ಲಿ ಮಗ್ಗಗಳ ಸದ್ದಿಗೆ ಪಕ್ಕದವಳು ಕೂಗಿಕೊಂಡರೂ ಕೇಳುವುದಿಲ್ಲ. ನಾವೆಲ್ಲ ದನಿಯಿಲ್ಲದೆ ಬಾಯಿ ಅಗಲಿಸಿ ಮಾತಾಡಿ, ಒಬ್ಬರ ತುಟಿ ಒಬ್ಬರು ನೋಡಿ ಕಾಲ ಹಾಕಿದವರು. ತಬಿಥಾ ಅಂತೂ ಎಳವೆಯಲ್ಲೇ ಮಗ್ಗಕ್ಕೆ ಬಂದು ಕಿವಿಯನ್ನು ಅಲ್ಲೇ ಕಳೆದುಕೊಂಡವಳು. ಚರ್ಚಿನ ಆ ತುದಿಯಲ್ಲಿ ಪಾದ್ರಿಯ ಹೆಂಡತಿ ಯಾರದೋ ಟೋಪಿಯನ್ನು ಆಡಿಕೊಂಡರೆ, ಈ ತುದಿಯಲ್ಲಿ ಇವಳು ಕಿಸಕ್ಕನೆ ನಗುತ್ತಿದ್ದಳು. ಅವಳಿದ್ದ ಕಡೆ ಗುಟ್ಟು ಮಾತಾಡಬೇಕಾದರೆ ಗೋಡೆಗೆ ಮುಖ ಮಾಡಬೇಕಿತ್ತು.

ಗಂಡ ಬೇಗ ಹೋಗಿಬಿಟ್ಟಿದ್ದ. ಉಳಿದವನು ಮಗ ಸೈಲಸ್ ಒಬ್ಬನೇ. ವಾರವಿಡೀ ಮಿಲ್ಲಿನಲ್ಲಿ ಬಟ್ಟೆಯ ಗಂಟು ಹೊರುತ್ತಿದ್ದ. ಶನಿವಾರ ಮಧ್ಯಾಹ್ನ ನಮ್ಮೂರ ಫುಟ್‌ಬಾಲ್ ತಂಡದ ಗೋಲ್‌ಕೀಪರ್. ಲೀಗ್ ಪಂದ್ಯಗಳು ಶುರುವಾದ ಹೊಸತು, ನಮ್ಮ ತಂಡವನ್ನೂ ಸೇರಿಸಿಕೊಂಡಿದ್ದಾರೆಂದು ಊರಿಗೆ ಊರೇ ಎದೆಯುಬ್ಬಿಸಿ ಓಡಾಡುತ್ತಿತ್ತು. ತಬಿಥಾ ಆಟಕ್ಕೆ ಬರುತ್ತಿರಲಿಲ್ಲ. "ಅವನ ಮೇಲೆ ಅಷ್ಟು ಜನ ಬೀಳೋದನ್ನ ನಾನು ನೋಡ್ಲಾರೆ ಕಣೇ ಹಲ್ಡಾ. ನೀನೇ ನೋಡ್ಕೊಂಡು ಬಂದು ಹೇಳು" ಎನ್ನುತ್ತಿದ್ದಳು. ಪಕ್ಕದ ಮನೆಯವಳಾದ ನಾನು ನೋಡಿಕೊಂಡು ಬಂದು ಹೇಳುತ್ತಿದ್ದೆ.

ಆ ಚಳಿಗಾಲ ವೆನ್‌ಬರಿ ಎಂಬ ಊರಿನಲ್ಲಿ ಅಲ್ಲಿಯ ತಂಡದ ಮೇಲೆ ಆಟ. ನಾವೊಂದಷ್ಟು ಜನ ರೈಲು ಹತ್ತಿ ಹೋಗಿದ್ದೆವು. ಅರ್ಧ ಆಟ ಮುಗಿಯುವವರೆಗೂ ಸೈಲಸ್ ಒಂದು ಚೆಂಡನ್ನೂ ಒಳಗೆ ಬಿಟ್ಟಿರಲಿಲ್ಲ. ಗೋಲ್‌ಕೀಪರನನ್ನು ಭುಜದಿಂದ ಗುದ್ದಿ ಕೆಡವಿದರೂ ಆಗ ಯಾರೂ ತಪ್ಪೆನ್ನುತ್ತಿರಲಿಲ್ಲ. ವೆನ್‌ಬರಿಯ ಇಬ್ಬರು ದಢೂತಿ ಆಟಗಾರರು ಒಟ್ಟಿಗೆ ನುಗ್ಗಿ ಅವನನ್ನು ಗೋಲಿನ ಕಂಬಕ್ಕೆ ಅಪ್ಪಳಿಸಿದರು. ಅವನ ಬದಲಿಗೆ ಇನ್ನೊಬ್ಬನನ್ನು ಇಳಿಸುವ ಪದ್ಧತಿಯೂ ಇರಲಿಲ್ಲ. ಪಕ್ಕೆ ಹಿಡಿದುಕೊಂಡೇ ಎದ್ದು ನಿಂತ. ಆಮೇಲೆ ನಾಲ್ಕು ಗೋಲು ಆದವು, ನಾವು ಸೋತೆವು. ನಮ್ಮವರೇ ಕೆಲವರು ಅವನಿಗೆ ಛೀಮಾರಿ ಹಾಕಿದರು. ಅವರ ನಾಲಿಗೆ ಬಿದ್ದುಹೋಗಲಿ ಎಂದು ಇವತ್ತಿಗೂ ಶಪಿಸುತ್ತೇನೆ.

"ಏನಿಲ್ಲಮ್ಮ, ಸ್ವಲ್ಪ ಉಸಿರು ಹಿಡ್ಕೊಂಡಿದೆ ಅಷ್ಟೆ" ಎಂದು ಮನೆಗೆ ಬಂದು ಮಲಗಿದವನು ವಾರ ತುಂಬುವ ಮೊದಲೇ ತೀರಿಕೊಂಡ.

ನಮ್ಮ ಕಡೆ ಒಂದು ಚೇಷ್ಟೆಯಿದೆ. ತಂಡ ಸೋತರೆ, ಗೆದ್ದ ಊರಿನವರು ಅದಕ್ಕೊಂದು ಸಾವಿನ ಕಾರ್ಡು ಅಚ್ಚು ಹಾಕಿಸಿ ಬೀದಿಯಲ್ಲಿ ಮಾರುತ್ತಾರೆ. ನಿಜವಾಗಿ ಸತ್ತವರಿಗೆ ಮಾಡಿಸುವಂಥದ್ದೇ ಕಾರ್ಡು, ಅದೇ ಕಪ್ಪಂಚು. ಒಳಗೆ ಮಾತ್ರ ಲೇವಡಿಯ ಪದ್ಯ. ಅಂಥದ್ದೊಂದು ಆ ಶನಿವಾರ ಸಂಜೆಯೇ, ಸೈಲಸ್ ಬದುಕಿರುವಾಗಲೇ, ಅವನ ಹೆಸರಿನಲ್ಲಿ ವೆನ್‌ಬರಿಯಲ್ಲಿ ಬಿಸಿಬಿಸಿಯಾಗಿ ಮಾರಾಟವಾಗಿತ್ತು. ಯಾವ ಪುಣ್ಯಾತ್ಮನ ಜೇಬಿನಿಂದ ಬಿತ್ತೋ, ಮಣ್ಣು ಮಾಡಿ ಬರುವಾಗ ಚರ್ಚಿನ ಮೆಟ್ಟಿಲ ಮೇಲೆ ಬಿದ್ದಿದ್ದು ತಬಿಥಾಳ ಕಣ್ಣಿಗೇ ಬೀಳಬೇಕೆ! ಮಗನ ಊಟದ ಡಬ್ಬಿಯ ಮೇಲೆ ಬರೆದಿದ್ದ ಹೆಸರಿನ ಆಕಾರ ಅವಳಿಗೆ ಗೊತ್ತಿತ್ತು. ಕಾರ್ಡನ್ನು ಎದೆಗೊತ್ತಿಕೊಂಡಳು.

"ನೋಡೇ, ನಮ್ಮ ಕ್ಲಬ್ಬಿನ ದೊಡ್ಡ ಮನುಷ್ಯರು ಒಂದು ಹೂವಿನ ಚಕ್ರ ಕಳ್ಸಿ ಕೈ ತೊಳ್ಕೊಂಡ್ರು. ಆ ವೆನ್‌ಬರಿಯೋರು ನೋಡು! ನನ್ ಮಗನ ಹೆಸರು ಅಚ್ಚು ಹಾಕ್ಸಿದಾರೆ. ಏನಂತ ಬರ್ದಿದಾರೆ, ಓದು."

"ಪ್ರೀತಿಯ ನೆನಪಿಗೆ ಅಂತಿದೆ ಅಕ್ಕ" ಎಂದೆ. ಮೇಲಿನ ಸಾಲಿನಲ್ಲಿ ಹಾಗೆಯೇ ಇತ್ತು. ಕೆಳಗಿನದನ್ನು ಯಾವ ಬಾಯಿಂದ ಹೇಳಲಿ?

ಕಾರ್ಡು ಒಲೆಯ ಮೇಲಿನ ಹಲಗೆ ಏರಿತು. ಬಂದವರಿಗೆಲ್ಲ ತೋರಿಸುತ್ತಿದ್ದಳು. ಓದು ಬಲ್ಲವರು ಮೇಲಿನ ಸಾಲನ್ನಷ್ಟೇ ಓದಿ ಹೇಳಿ ಹೊರಗೆ ಬಂದು, ಗೋಡೆಗೆ ಮುಖ ಮಾಡಿ ಅಳುತ್ತಿದ್ದರು. ಇಡೀ ಓಣಿ ವರ್ಷವೆಲ್ಲ ಹಾಗೇ ಗೋಡೆ ನೋಡಿಕೊಂಡು ಮಾತಾಡಿತು. ಅವಳಿಗೆ ಉಳಿದಿದ್ದ ಸಮಾಧಾನ ಅದೊಂದೇ, ಅದನ್ನು ಕಿತ್ತುಕೊಳ್ಳುವ ಎದೆ ನಮ್ಮಲ್ಲಿ ಯಾರಿಗೂ ಇರಲಿಲ್ಲ.

ಮುಂದಿನ ವರ್ಷ ವೆನ್‌ಬರಿ ತಂಡ ನಮ್ಮೂರಿಗೆ ಆಡಲು ಬಂತು. ಅವತ್ತು ತಬಿಥಾ ಆಲೂಗಡ್ಡೆ ಪೈ ಮಾಡಿ, ಬಟ್ಟೆಯಲ್ಲಿ ಸುತ್ತಿ, ಶಾಲು ಹೊದ್ದು ನಿಂತಿದ್ದಳು.

"ಆ ಕಾರ್ಡು ಮಾಡ್ಸೋನ ಹೆಸರು ಎನಾಕ್ ಅಂತೆ. ಇವತ್ತು ಬಂದೇ ಬರ್ತಾನಂತೆ. ಒಂದು ಮಾತು ಹೇಳಿ ಬರ್ತೀನಿ."

"ಆ ಜಾತ್ರೇಲಿ ಎಲ್ಲಿ ಹುಡುಕ್ತೀಯ ಅಕ್ಕ? ಕಾಲು ಬೇರೆ ನೋವು ನಿಂಗೆ."

"ಕಾಲು ನೋವು ನಂಗೆ. ನಿನ್ ಮುಖ ಯಾಕೆ ಹುಳ್ಳಗಾಯ್ತು?"

ಬೇರೆ ದಾರಿ ಕಾಣದೆ ಜೊತೆಗೆ ಹೊರಟೆ. ಮೈದಾನದ ಬಾಗಿಲಲ್ಲಿ ಜನವೋ ಜನ, ಮೇಲೆ ವಾದ್ಯದವರ ಗದ್ದಲ. ರಸ್ತೆಯ ಆಚೆ ಬದಿಯಲ್ಲಿ ಒಬ್ಬ ಮುದುಕ, ಟೋಪಿಗೆ ಕಪ್ಪು ಪಟ್ಟಿ ಸುತ್ತಿಕೊಂಡು, ಪೆಟ್ಟಿಗೆಯ ಮೇಲೆ ನಿಂತು ಕಾರ್ಡು ಬೀಸುತ್ತಿದ್ದ. "ಅವನೇ!" ಎಂದಳು ತಬಿಥಾ. ಅವಳ ಮುಖ ಅರಳಿದ್ದನ್ನು ವರ್ಷದ ಮೇಲೆ ನೋಡಿದೆ.

ಗದ್ದಲದಲ್ಲಿ ಅವನ ದನಿ ನನಗೂ ಕೇಳುತ್ತಿರಲಿಲ್ಲ. ಆದರೆ ನಾನೂ ಮಗ್ಗದವಳೇ ತಾನೆ. ಈ ಸಲವೂ ತಾವೇ ಗೆಲ್ಲುವುದೆಂದು ಆಟಕ್ಕೆ ಮೊದಲೇ ಅಚ್ಚು ಹಾಕಿಸಿ ತಂದಿದ್ದ ಹೊಸ ಕಾರ್ಡು ಮಾರಲು ಅವನು ಹಳೆಯದರ ಹಿರಿಮೆ ಕೊಚ್ಚುತ್ತಿದ್ದ. ಬಾಯಿ ಅಗಲಿಸಿ, ಒಂದೊಂದೇ ಮಾತು ಬಿಡಿಸಿ ಹಾಡುತ್ತಿದ್ದ:

ಗೋಲಿನ ಬಾಗಿಲ ತೆರೆದಿಟ್ಟು
ಕಾವಲುಗಾರನು ಕಣ್ಮುಚ್ಚಿದ;
ನಾಲ್ಕೂ ಚೆಂಡನು ಒಳಬಿಟ್ಟು
ಸೈಲಸ್ ಮಹಾಶಯ ಮಣ್ಣಾದ!

ತಬಿಥಾಳ ಎದುರಿಗೆ ಹೋಗಿ ಅಡ್ಡ ನಿಂತೆ. ಅವಳು ನನಗಿಂತ ಗೇಣುದ್ದ ಎತ್ತರ. ನನ್ನ ತಲೆಯ ಮೇಲಿಂದ ಪೂರ್ತಿ ಓದಿದಳು. ಅವಳ ತುಟಿಯೂ ಅವನ ಜೊತೆಗೇ ಅಲುಗುತ್ತಿತ್ತು. ಕೊನೆಯ ಮಾತಿಗೆ ನಿಂತುಹೋಯಿತು.

ಮನೆಗೆ ಕರೆದುಕೊಂಡು ಹೋಗೋಣವೆಂದು ತೋಳು ಹಿಡಿದೆ. ಕೊಡವಿಕೊಂಡು ಸೀದಾ ರಸ್ತೆ ದಾಟಿದಳು.

"ಬಾರಮ್ಮ, ಹೊಸದು ಕೊಡ್ಲೋ ಹಳೇದು ಕೊಡ್ಲೋ?" ಎಂದ ಎನಾಕ್.

"ಹಳೇದು ನನ್ ಹತ್ರ ಇದೆ. ನಾನು ಸೈಲಸನ ತಾಯಿ."

ಮುದುಕ ಪೆಟ್ಟಿಗೆಯಿಂದ ಇಳಿದ. ಟೋಪಿ ತೆಗೆದ. "ತಾಯೀ... ನಗೋಕೆ ಅಂತ ಮಾಡಿದ್ದು. ಆಗ ಅವನಿನ್ನೂ..." ಅವಳು ಅವನ ತುಟಿಯನ್ನೇ ನೋಡುತ್ತ ಕಾದಳು. ಆಮೇಲೆ ತಾನೇ ಹೇಳಿದಳು:

"ನಾಲ್ಕು ಬಿಟ್ಟ ಅಂತ ಬರ್ದಿದೀಯಲ್ಲ, ನಿಜ. ಆ ನಾಲ್ಕೂ ಗೋಲು ಆಗಿದ್ದು ಅವನ ಪಕ್ಕೆ ಮುರಿದ ಮೇಲೆ. ಅದಕ್ಕೆ ಮುಂಚೆ ಒಂದೂ ಬಿಡ್ಲಿಲ್ಲ ನನ್ ಮಗ. ಅದನ್ನೂ ಹಾಡು." ಪೈಯ ಗಂಟನ್ನು ಅವನ ಕೈಗಿತ್ತಳು. "ತಗೋ, ಬಿಸಿಯಿದೆ. ನಿಂಗೆ ಅಂತಲೇ ಮಾಡಿದ್ದು."

ಮೈದಾನದಿಂದ ಏಳುತ್ತಿದ್ದ ಕೂಗು ಮನೆಯವರೆಗೂ ನಮ್ಮನ್ನು ಹಿಂಬಾಲಿಸಿತು. ಅದು ಅವಳಿಗೆ ಕೇಳುತ್ತಿರಲಿಲ್ಲ ಎಂಬುದೊಂದೇ ನನಗಿದ್ದ ನೆಮ್ಮದಿ.

ಮನೆಗೆ ಬಂದವಳೇ ಕಾರ್ಡು ಇಳಿಸಿ ಕತ್ತರಿ ತಂದಳು. ಪದ್ಯವಿದ್ದ ಭಾಗವನ್ನು ಕತ್ತರಿಸಿ ಒಲೆಗೆ ಹಾಕಿದಳು. ಹೆಸರಿದ್ದ ತುಂಡು ಉಳಿಯಿತು, ಮೂರು ಕಡೆ ಕಪ್ಪಂಚು. ಬೈಯುತ್ತಾಳೆ ಎಂದುಕೊಂಡೆ, ಬೈದಿದ್ದರೆ ಚೆನ್ನಾಗಿರುತ್ತಿತ್ತು. ಅವಳು ಆ ತುಂಡನ್ನು ನನ್ನ ಮುಖದ ಹತ್ತಿರ ಹಿಡಿದು, ನನ್ನ ತುಟಿಯ ಮೇಲೆ ಕಣ್ಣು ನೆಟ್ಟಳು.

"ಹೆಸರಾದ್ರೂ ಸರಿಯಾಗಿದ್ಯಾ ಹಲ್ಡಾ? ಇದೊಂದು ನಿಜ ಹೇಳು."

"ಸರಿಯಾಗಿದೆ ಅಕ್ಕ" ಎಂದೆ. ಅವಳು ನಂಬಲಿಲ್ಲ. ಒಳಗೆ ಹೋಗಿ ಸೈಲಸನ ಊಟದ ಡಬ್ಬಿ ತಂದು, ಕಾರ್ಡಿನ ತುಂಡನ್ನು ಅದರ ಪಕ್ಕಕ್ಕಿಟ್ಟು, ಒಂದೊಂದೇ ಅಕ್ಷರದ ಮೇಲೆ ಬೆರಳಾಡಿಸಿ ಹೋಲಿಸಿ ನೋಡತೊಡಗಿದಳು.