ನೀರು ಕುಡಿಯುವ ಮಣ್ಣು

ಒಳಚರಂಡಿ ಇಲ್ಲದ ರಸ್ತೆಗಳಲ್ಲಿ ಮನೆ ಕಟ್ಟುವ ಮೊದಲು ಈ ಮನುಷ್ಯನನ್ನು ಕರೆಯಬೇಕು. ಮನೆಯ ಕೊಳಕು ನೀರನ್ನು ನಿವೇಶನದ ಮಣ್ಣು ಹೀರುತ್ತದೋ ಇಲ್ಲವೋ ಎಂದು ಪರೀಕ್ಷಿಸಿ ಹೇಳುವುದು ಅವರ ಕೆಲಸ. ಅವರು ಆಗದು ಅಂದರೆ ಸೆಪ್ಟಿಕ್ ಟ್ಯಾಂಕ್ ಇಲ್ಲ; ಅದಿಲ್ಲದೆ ಮನೆಗೆ ಅನುಮತಿಯೂ ಇಲ್ಲ. ಜನ ಅವರನ್ನು ಗುಂಡಿ ಮೇಷ್ಟ್ರು ಅನ್ನುತ್ತಾರೆ. ಹೆಂಡತಿ ತೀರಿಕೊಂಡ ಮೇಲೆ ಬಾಡಿಗೆ ಕೋಣೆಯೊಂದರಲ್ಲಿದ್ದಾರೆ. ಅಲ್ಲಿ ಒಂದು ಮಂಚ, ಒಂದು ಸ್ಟವ್, ಬಾಗಿಲ ಹಿಂದೆ ಮಣ್ಣು ಕೊರೆಯುವ ಬೈರಿಗೆ.

ಈ ಸಲ ಅವರನ್ನು ಕರೆದವರು ಒಬ್ಬ ನಿವೃತ್ತ ನರ್ಸ್. ತಂಗಿಯ ಮನೆಯಲ್ಲಿ, ಹೊಲಿಗೆ ಮಿಷನ್ನು ಮತ್ತು ಹಳೆಯ ಸೂಟ್‌ಕೇಸುಗಳ ನಡುವೆ ಮಲಗುತ್ತಾರೆ. ಸ್ವಂತಕ್ಕೆಂದು ಇರುವುದು ಈ ನಿವೇಶನ ಒಂದೇ.

ಮೇಷ್ಟ್ರು ಪರೀಕ್ಷೆಯ ಹಿಂದಿನ ದಿನವೇ ಗುಂಡಿ ತೋಡಿ, ನೀರು ತುಂಬಿ ಮಣ್ಣನ್ನು ನೆನೆಸುತ್ತಾರೆ. ಮಾರನೆಯ ದಿನ ಮತ್ತೆ ತುಂಬಿ, ಮಟ್ಟ ಎಷ್ಟು ಇಳಿಯಿತೆಂದು ಕೋಲಿನಿಂದ ಅಳೆಯುತ್ತಾರೆ. ಇಲ್ಲಿಯೂ ಹಾಗೇ ನೀರು ತುಂಬಿ, ಅವರು ಊಟ ಮುಗಿಸಿ ಬಂದಾಗ ನೀರು ಕೋಲಿನ ಗೆರೆ ಬಿಟ್ಟು ಕದಲಿರಲಿಲ್ಲ.

"ನೋಡಿದ್ರಾ, ಒಂದು ಹನಿ ಕಡಿಮೆಯಾಗಿಲ್ಲ," ಅಂದರು ನರ್ಸ್, ಹೆಮ್ಮೆಯಿಂದ.

"ಅದೇ ಅಕ್ಕಾ ತೊಂದರೆ. ಇಲ್ಲಿ ಆಗಲ್ಲ."

"ಯಾಕೆ? ಸೋರೋ ಟ್ಯಾಂಕು ಯಾರಿಗೆ ಬೇಕು?"

"ಟ್ಯಾಂಕು ಸೋರಬಾರದು. ಅದರಿಂದ ಹೊರಗೆ ಬರೋ ನೀರನ್ನ ಮಣ್ಣು ಕುಡೀಬೇಕು."

ಆಕೆ ಪಕ್ಕದಲ್ಲಿದ್ದ ಪ್ಲಾಸ್ಟಿಕ್ ಕೊಡದ ಕಡೆ ನೋಡಿದರು. ದನಿ ತಗ್ಗಿತು.

"ಹಾಗಾದ್ರೆ ನಾನೇ ಕೆಡಿಸಿದೆ. ನೀವು ಆ ಕಡೆ ಹೋದ್ರಿ, ಈ ಕಡೆ ನೀರು ಇಳೀತಾನೇ ಇತ್ತು. ನೋಡಿದ್ರೆ ಬೇಡ ಅಂದ್ಬಿಡ್ತೀರಿ ಅಂತ ತಂದು ತಂದು ಸುರಿದೆ."

"ಆಸ್ಪತ್ರೇಲಿ ಜ್ವರ ಇಳಿದ್ರೂ ಹೀಗೇ ಏರಿಸ್ತಿದ್ರಾ?"

"ಅಲ್ಲಿ ಡಾಕ್ಟ್ರು ಇರ್ತಿದ್ರು. ಮಾತು ಸಾಕು, ಅಳೀರಿ."

ಮೇಷ್ಟ್ರು ಈ ಸಲ ಎಲ್ಲಿಗೂ ಹೋಗಲಿಲ್ಲ. ಗುಂಡಿಯ ಆಚೆ ಒಬ್ಬರು, ಈಚೆ ಒಬ್ಬರು ಕೂತರು. ನೀರು ನಿಧಾನವಾಗಿ, ಆದರೆ ನಿಲ್ಲದೆ ಇಳಿಯಿತು.

"ಆಗುತ್ತೆ," ಅಂದರು ಮೇಷ್ಟ್ರು.

ನರ್ಸ್ ಮೇಷ್ಟ್ರ ಕೈಯಿಂದ ಕೋಲು ತೆಗೆದುಕೊಂಡು ನೆಲದ ಮೇಲೆ ಗೆರೆ ಎಳೆಯತೊಡಗಿದರು. ಇದು ಅಡುಗೆಮನೆ, ಇಲ್ಲಿ ಕಿಟಕಿ, ಇದು ನಡುಮನೆ. ತಂಗಿಯ ಸೂಟ್‌ಕೇಸುಗಳಿಗೆ ಜಾಗವೇ ಇರಲಿಲ್ಲ.

"ಮನೆ ಆದ್ಮೇಲೆ ನೀವು ಬರ್ಲೇಬೇಕು."

ಎಲ್ಲರೂ ಹಾಗೇ ಅನ್ನುತ್ತಾರೆ. ಮೇಷ್ಟ್ರು ಒಪ್ಪಿದ ಮಣ್ಣಿನ ಮೇಲೆ ಎದ್ದ ಮನೆಗಳು ಬೀದಿ ಬೀದಿಯಲ್ಲೂ ಇವೆ. ಒಂದರ ಒಳಗೂ ಅವರು ಕಾಲಿಟ್ಟಿಲ್ಲ. ಗೋಡೆ ಎದ್ದ ಮೇಲೆ ಗುಂಡಿ ಯಾರಿಗೂ ನೆನಪಾಗುವುದಿಲ್ಲ.

"ಈಗ್ಲೇ ಬರ್ಲಾ?" ಅಂದರು ಮೇಷ್ಟ್ರು.

ಆಕೆ ಅವರ ಮುಖವನ್ನೊಮ್ಮೆ ನೋಡಿದರು. "ಬನ್ನಿ. ಚಪ್ಪಲಿ ಆಚೆ ಬಿಡಿ."

ಮೇಷ್ಟ್ರು ಚಪ್ಪಲಿ ಬಿಟ್ಟು, ಗೆರೆ ಎಳೆಯದೆ ಉಳಿಸಿದ್ದ ಬಾಗಿಲಿನಿಂದ ಒಳಗೆ ಹೋಗಿ ನಡುಮನೆಯಲ್ಲಿ ಸ್ವಲ್ಪ ಹೊತ್ತು ಕೂತರು. ಆಮೇಲೆ ಅದೇ ಬಾಗಿಲಿನಿಂದ ಹೊರಗೆ ಬಂದು, ಗುಂಡಿ ಮುಚ್ಚಿ, ಬೈರಿಗೆಯನ್ನು ಹೆಗಲಿಗೇರಿಸಿದರು. ತಿರುವಿನಲ್ಲಿ ಹಿಂತಿರುಗಿ ನೋಡಿದಾಗ ಆಕೆ ಇನ್ನೂ ಅಡುಗೆಮನೆಯಲ್ಲಿ, ಕಿಟಕಿಯ ಕಡೆ ಮುಖ ಮಾಡಿ ನಿಂತಿದ್ದರು.