ಬಂದ್ ಮಾಡಿದ ಟಿವಿಯಲ್ಲಿ ಬಿದ್ದ ಭಟ್ಟರು

ನನ್ನ ತಂಗಿ ಗಿರಿಜೆ ನಗಬಾರದೆಂದು ಡಾಕ್ಟರ ಆಜ್ಞೆ, ಗೊತ್ತಲ್ಲ ಮಕ್ಕಳೇ? ಹೊಟ್ಟೆಯ ಆಪರೇಷನ್ ಆಗಿದೆ, ಹೊಲಿಗೆ ಇನ್ನೂ ಹಸಿ. ಇವತ್ತು ಮಧ್ಯಾಹ್ನ ಟಿವಿಯಲ್ಲಿ ಬಂದದ್ದು, ನಮಗೆಲ್ಲ ಬಾಯಿಪಾಠವಾಗಿರುವ ಆ ಹಳೇ ನಗೆ ಸಿನಿಮಾ!

"ಬಂದ್ ಮಾಡ್ತೆ" ಎಂದೆ.

"ಇರ್ಲಿ ಅಣ್ಣಯ್ಯ, ಎಷ್ಟ್ ಸಲ ಕಂಡದ್ದ್! ಇನ್ನೆಂತ ನಗು ಬತ್ತ್?" ಎಂದಳು ತಂಗಿ. ಆದರೂ ದಿಂಬನ್ನು ಹೊಟ್ಟೆಗೆ ಅವುಚಿಕೊಂಡೇ ಕುಳಿತಳು.

ಸಿನಿಮಾದಲ್ಲಿ ಮದುವೆಮನೆಯ ಅಡುಗೆ ಭಟ್ಟರು ಪಾಯಸದ ಪಾತ್ರೆ ಹೊತ್ತು ಹೊರಟರು. ದಾರಿಯಲ್ಲೊಂದು ಒದ್ದೆ ಬಾಳೆಲೆ. ಗಿರಿಜೆಯ ಭುಜ ಕುಲುಕತೊಡಗಿತು. ನನಗೆ ಹೆದರಿಕೆಯಾಗಿ, ಭಟ್ಟರು ಎಲೆ ಮೆಟ್ಟುವ ಮೊದಲೇ ರಿಮೋಟ್ ಒತ್ತಿಬಿಟ್ಟೆ.

ಕಪ್ಪು ಪರದೆ ನೋಡಿಕೊಂಡು ಅವಳು ಗೊಳ್ಳೆಂದು ನಕ್ಕಳು! "ನೀನ್ ಬಂದ್ ಮಾಡ್ರೆ ಭಟ್ರ್ ಬೀಳ್ದೇ ಇರ್ತ್ರಾ ಅಣ್ಣಯ್ಯ?"

ಯಕ್ಷಗಾನದ ಹಾಸ್ಯಗಾರ ರಂಗಕ್ಕೆ ಬರುವ ಮೊದಲೇ ನಗುವವರು ನಾವು, ನಿಜ. ಆದರೆ ಕಾಣದ ಚಿತ್ರಕ್ಕೂ ನಗು ಬರುವುದೆಂದರೆ! ಬೀಳುತ್ತಾರೆಂದು ಗೊತ್ತಿರುವುದೇ ಆ ನಗುವಿನ ಗುಟ್ಟಿರಬೇಕು. ನನಗಂತೂ ಸೋಜಿಗ.

ನನ್ನ ಹೆಂಡತಿ ಗಾಬರಿಯಿಂದ ಓಡಿ ಬಂದು ನೋಡಿದಳು. "ಹೊಲಿಗೆಗ್ ಎಂತ ಆಯಿಲ್ಲೆ" ಎಂದ ಮೇಲೆ ನನಗೆ ಉಸಿರು ಬಂತು.

ಹೊಲಿಗೆ ಹಾಕಿದವರಿಗೂ ಸಿನಿಮಾ ಮಾಡಿದವರಿಗೂ ದೊಡ್ಡ ನಮಸ್ಕಾರ. ಇಬ್ಬರ ಕೆಲಸವೂ ಗಟ್ಟಿ.